ಕೆಂಗೇರಿ ಬಾವಿಯ ಬಳಿ ಸೇವಂತಿಗೆ

ರಿಪೇರಿ ಮುಗಿದು ಮನೆಗೆ ಬಂದ ಮರುದಿನವೇ ನಮ್ಮ ಕಾರು ಕೆಂಗೇರಿಯ ಬಾವಿಯ ಬಳಿ ಬುಸುಗುಟ್ಟಿ ನಿಂತಿತು. ಸಂಜೆಗೆ ಮೈಸೂರಿನಲ್ಲಿ ತಂಗಿಯ ನಿಶ್ಚಿತಾರ್ಥ. ಮೆಕ್ಯಾನಿಕ್ಕನನ್ನು ಬಯ್ಯುತ್ತ ಇಳಿದು ನೋಡಿದರೆ, ಬೆಳಿಗ್ಗೆ ಅಮ್ಮ ಪೂಜೆ ಮಾಡಿ ಕಟ್ಟಿಸಿದ್ದ ದಪ್ಪ ಸೇವಂತಿಗೆ ಹಾರ ರೇಡಿಯೇಟರಿಗೆ ಗಾಳಿಯೇ ಹೋಗದಂತೆ ಅಡ್ಡ ಕೂತಿತ್ತು. ಒಳಬದಿಯ ಹೂಗಳು ಬೆಂದೇ ಹೋಗಿದ್ದವು.

“ಪೂಜೆ ಹೂವು ಕಣೋ, ಕಿತ್ತು ಬಿಸಾಕಬೇಡ,” ಎಂದಳು ಅಮ್ಮ.

“ಬಿಸಾಕಲ್ಲಮ್ಮ. ಪ್ರಸಾದ ಅಂತ ಹಂಚಿಬಿಡು.”

ನೀರು ಸೇದುತ್ತಿದ್ದ ಹೆಂಗಸರಿಗೆಲ್ಲ ಅಮ್ಮ ಬೇಯದ ಹೂಗಳನ್ನು ಆರಿಸಿ ಕೊಟ್ಟಳು. ಅವರು ಮುಡಿದುಕೊಂಡು ನಗುತ್ತ ನಿಂತರು. ಇಂಜಿನ್ ತಣ್ಣಗಾದ ಮೇಲೆ ತಮ್ಮ ಬಿಂದಿಗೆಗಳಿಂದಲೇ ರೇಡಿಯೇಟರಿಗೆ ನೀರು ಹುಯ್ದರು. ಕಾರಿನ ಮುಂದೆ ಹ್ಯಾಂಡಲ್ ಹಾಕಿ ನಾನು ಒಂದು ಸುತ್ತು ತಿರುವಿದ್ದೇ ತಡ, ಕಾರು ಗುಡುಗುಡು ಎಂದಿತು.

ಅಮ್ಮ ನೆಮ್ಮದಿಯಾಗಿ ಒರಗಿಕೊಂಡಳು. “ನೋಡಿದ್ಯಾ? ಪೂಜೆ ಮಾಡಿದ್ದಕ್ಕೇ ಇಷ್ಟರಲ್ಲೇ ಮುಗೀತು.”