ಅಜ್ಜನ ಸ್ನಾನದ ನೀರು

ಮಕ್ಕಳೇ, ಬಾತ್‌ರೂಮಿನ ಪಕ್ಕದ ಆ ಸಾಫ್ಟ್‌ನರ್, ನೀರನ್ನು ಮೆದು ಮಾಡುವ ಮಿಷನ್, ನಿಮ್ಮ ತಲೆಕೂದಲು ಉದುರದಿರಲೆಂದು ತಂದದ್ದು ಅಂತ ನೀವು ತಿಳಿದಿದ್ದೀರಿ. ಅದು ಬಂದದ್ದು ನಿಮ್ಮ ಅಜ್ಜನ ತುರಿಕೆಗಾಗಿ. ಅಜ್ಜಿಯ ಈ ಕನ್ನಡ ಓದಲು ಕಷ್ಟವಾದರೆ ಅಪ್ಪನಿಂದ ಓದಿಸಿಕೊಳ್ಳಿ.

ಕಿಡ್ನಿ ಸೋತ ಮೇಲೆ ಅವರ ಮೈ ಸದಾ ತುರಿಸುತ್ತಿತ್ತು. ಖಾರಘರದ ನಮ್ಮ ಕಟ್ಟಡಕ್ಕೆ ಹೆಚ್ಚಾಗಿ ಬೋರ್‌ವೆಲ್ ನೀರು. ಸೋಪು ನೊರೆ ಬಿಡದು, ಬಾಲ್ದಿಯ ಒಳಗೆಲ್ಲ ಬಿಳಿ ಪದರ. ಸ್ನಾನವಾಗಿ ಮೈ ಒಣಗಿದರೆ ಅಜ್ಜನ ತೋಳಿನ ಮೇಲೂ ಅದೇ ಬಿಳಿ ಪುಡಿ. ಕೆರೆದು ಕೆರೆದು ಬನಿಯನ್ನಿಗೆ ರಕ್ತ ಹತ್ತುತ್ತಿತ್ತು. ತುರಿಕೆ ರೋಗದ್ದು ಎಂದು ಡಾಕ್ಟರು ಹೇಳಿದ್ದರು. ನಾವು ಮಾತ್ರ ನೀರಿನದೆಂದೇ ನಂಬಿದೆವು. ನೀರನ್ನಾದರೆ ಬದಲಿಸಬಹುದಲ್ಲ.

ಮಿಷನ್ನಿನ ಜೊತೆಗೆ ಒಂದು ಚೀಲ ಉಪ್ಪು ಬಂತು. ನೆರೂಳದ ಹೋಟೆಲಿನ ಅಡುಗೆಮನೆಯಲ್ಲಿ ಸಾಂಬಾರಿನ ಹಬೆ ಮೂಸಿಯೇ ಉಪ್ಪು ಸಾಲದು ಎನ್ನುತ್ತಿದ್ದ ಅಜ್ಜ ಆಗ ಕಿಡ್ನಿಯ ಪಥ್ಯಕ್ಕೆ ಸಪ್ಪೆ ಗಂಜಿ ಉಣ್ಣುತ್ತಿದ್ದರು.

"ನೋಡು ಮಾರಾಯ್ತಿ, ನನ್ನ ಗಂಜಿಗೆ ಒಂದು ಹರಳು ಹಾಕ್ಲಿಕ್ಕೆ ನಿನಗೆ ಹೆದರಿಕೆ. ಈ ಮಿಷನ್ನಿಗೆ ಚೀಲಗಟ್ಟಲೆ!" ಎಂದರು.

ಉಪ್ಪು ಮಿಷನ್ನನ್ನು ತೊಳೆಯಲಿಕ್ಕೆ, ಅಡುಗೆಮನೆಯ ನಳ್ಳಿಗೆ ಈ ನೀರು ಬರುವುದಿಲ್ಲ ಎಂದು ಮಿಷನ್ ಕೂರಿಸಲು ಬಂದ ಮೆಕ್ಯಾನಿಕ್ ತಿಳಿಸಿದ. ನಿಮ್ಮಲ್ಲಿ ಚಿಕ್ಕವಳು, "ಅಜ್ಜಾ, ಚುಪ್‌ಕೇ ಸೇ ಮತ್ ಖಾನಾ" ಎಂದಳು, ಕದ್ದು ತಿನ್ನಬೇಡ ಅಂತ. ಅವರು ನಕ್ಕರು.

ಆವತ್ತು ನಾನೇ ಸ್ನಾನ ಮಾಡಿಸಿದೆ. ನೊರೆ ಮೊಣಕೈವರೆಗೆ ಬಂತು.

"ಸೋಪು ಹೋಗ್ಲಿಲ್ಲ, ಇನ್ನೊಂದು ತಂಬಿಗೆ ಹೊಯ್ಯಿ."

ಹೊಯ್ದೆ. ಎಷ್ಟು ಹೊಯ್ದರೂ ಚರ್ಮ ಅಂಗೈಯಡಿ ಜಾರುತ್ತಿತ್ತು. ಸೋಪು ಹೋಗಿರುತ್ತದೆ, ಮೆದು ನೀರೇ ಹಾಗೆ ಎಂದು ಆಮೇಲೆ ತಿಳಿಯಿತು. ಆ ಮಧ್ಯಾಹ್ನ ಅವರು ಕೆರೆದುಕೊಳ್ಳದೆ ನಿದ್ದೆ ಮಾಡಿದರು. ನಿಮ್ಮ ಅಮ್ಮ ಮಿಕ್ಸರ್ ಕೂಡ ಹಾಕಲಿಲ್ಲ.

ವಾರ ಕಳೆಯುವುದರೊಳಗೆ ತುರಿಕೆ ಮರಳಿತು, ಮೊದಲಿಗಿಂತ ಜೋರಾಗಿ. ಮಿಷನ್ ಕೆಟ್ಟಿದೆ ಎಂದು ನಿಮ್ಮ ಅಪ್ಪ ಫೋನಿನಲ್ಲಿ ಜಗಳವಾಡಿದ. ನಮಗೆಲ್ಲ ಮಿಷನ್ನಿನ ಮೇಲೆ ಸಿಟ್ಟು.

ಮೆಕ್ಯಾನಿಕ್ ಬಂದು ಗಾಜಿನ ನಳಿಗೆಯಲ್ಲಿ ಬಾತ್‌ರೂಮಿನ ನೀರು ಹಿಡಿದು ಮದ್ದಿನ ಹನಿ ಬಿಟ್ಟ. ಗಡಸು ನೀರಾದರೆ ಕೆಂಪು, ಮೆದುವಾದರೆ ನೀಲಿ ಎಂದ. ನಾವೆಲ್ಲ ಸುತ್ತ ನಿಂತೆವು. ಕೆಂಪಾಗಲಿ ದೇವರೇ ಎಂದು ನಾನು ಸೆರಗು ಹಿಡಿದುಕೊಂಡೆ.

ನೀಲಿಯಾಯಿತು.

"ಬಘಾ ಆಜೀ, ಮಶೀನ್ ಏಕ್‌ದಮ್ ಬರೋಬರ್ ಆಹೇ," ಎಂದು ಅವನು ನಗುತ್ತ ನಳಿಗೆಯನ್ನು ನನ್ನ ಮುಖದ ಹತ್ತಿರ ಹಿಡಿದ.

ಮಂಚದಿಂದ ಅಜ್ಜ ಹೇಳಿದರು: "ಅವನಿಗೆ ಚಾ ಕೊಡು. ಅವನ ಮಿಷನ್ ಸರಿ ಉಂಟು. ರಿಪೇರಿ ಆಗದ್ದು ನಾನು."

ವಾಪಸು ಕೊಡುತ್ತೇನೆಂದು ಹೊರಟ ನಿಮ್ಮ ಅಪ್ಪನನ್ನು ಅವರೇ ತಡೆದರು. "ಇರ್ಲಿ, ಮಕ್ಕಳ ಕೂದಲಿಗಾದ್ರೂ ಆದೀತು." ಆಮೇಲೆ ತುರಿಕೆಯ ಬಗ್ಗೆ ಯಾರ ಹತ್ತಿರವೂ ಹೇಳಲಿಲ್ಲ. ಬನಿಯನ್ ಒಗೆಯುವಾಗ ನನಗೆ ಗೊತ್ತಾಗುತ್ತಿತ್ತು.

ಮಳೆಗಾಲ ಮುಗಿಯುವ ಮೊದಲೇ ಹೋದರು. ಕೊನೆಯ ಸ್ನಾನ ಗಂಡಸರು ಮಾಡಿಸಿದರು. ನಾನು ಬಾಗಿಲ ಈಚೆ ಹೆಂಗಸರ ನಡುವೆ ಕೂತಿದ್ದೆ.

"ಸೋಪು ಹೋಗ್ತಾ ಇಲ್ಲ, ಇನ್ನೊಂದು ಬಾಲ್ದಿ ತನ್ನಿ," ಎಂದು ಒಳಗಿನಿಂದ ಯಾರೋ ಕೂಗಿದರು.

ಹೋಗಿದೆ, ಆ ನೀರೇ ಹಾಗೆ, ಸಾಕು, ಅವರಿಗೆ ಚಳಿಯಾದೀತು ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟು ಜನರ ಎದುರು ಸೆರಗನ್ನೇ ಬಾಯಿಗೆ ಒತ್ತಿಕೊಂಡೆ. ಒಳಗೆ ಅವರು ಹೊಯ್ಯುತ್ತಲೇ ಇದ್ದರು.