ಮರಳಿನ ಮೇಲೆ ಸುಟ್ಟ ಶುಂಠಿ ಬಿಸ್ಕತ್ತು

ಬಿಸ್ಕತ್ತನ್ನು ಮನೆಯಲ್ಲಿಯೇ, ಅದೂ ಮರಳಿನ ಪಾತ್ರೆಯಲ್ಲಿಯೇ ಸುಡಬೇಕೆಂಬುದು ನಮ್ಮ ಅತ್ತೆಯವರ ಶಾಸನವಾಗಿತ್ತು. ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಮರಳು ಹರಡಿ, ಮುಚ್ಚಿ ಕಾಯಿಸಿ, ಒಳಗೆ ತಟ್ಟೆಯಿಟ್ಟು, ಸಣ್ಣ ಉರಿಯಲ್ಲಿ ಹತ್ತು ಹತ್ತರಂತೆ ಬೇಯಿಸಬೇಕು. ಮೈದಾ, ತುಪ್ಪ, ಬೆಲ್ಲದ ಪುಡಿ, ಒಣಶುಂಠಿ, ಕಾಳುಮೆಣಸು, ಲವಂಗ, ಚೂರು ಜಾಯಿಕಾಯಿ. ಈ ರುಚಿಯನ್ನು ಅವರು ಉಡುಪಿಯ ತವರಿನಿಂದ ಡೊಂಬಿವಲಿಯ ಎರಡು ಕೋಣೆಯ ಮನೆಗೆ ತಂದಿದ್ದರು.

ನಾವು ಸಾನಪಾಡಾದಲ್ಲಿದ್ದೆವು. ಪ್ರತಿ ದೀಪಾವಳಿಗೂ ನಾನು ಸುಟ್ಟ ಬಿಸ್ಕತ್ತಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ಡೊಂಬಿವಲಿಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಡಬ್ಬಿಯನ್ನೂ ಅವರ ಡಬ್ಬಿಯನ್ನೂ ಬಂಧುಗಳೆದುರು ಅಕ್ಕಪಕ್ಕ ತೆರೆಯುವುದು ರೂಢಿ. ಅವರದು ಮೇಲೆ ಕೆಳಗೆ ಒಂದೇ ಹೊಂಬಣ್ಣ. ನನ್ನದರ ಅಡಿ ಕಪ್ಪು.

“ಉರಿ ನೋಡುವ ತಾಳ್ಮೆ ಬೇಕು ಮಾರಾಯ್ತಿ. ಅದು ಹುಟ್ಟಿನಿಂದ ಬರ್ಬೇಕು,” ಎಂದು ಅವರು ಹೇಳುವರು. ಒಂದು ವರ್ಷ, “ಇವಳ ಬಿಸ್ಕತ್ತು ಅದ್ದಿದ್ರೆ ಚಹಾ ಹೋಗಿ ಕಷಾಯ ಆಗ್ತದೆ,” ಎಂದರು. ಅಂದು ಯಾರು ಯಾರು ನಕ್ಕರೆಂಬುದು, ಅವರು ಕುಳಿತಿದ್ದ ಕ್ರಮದಲ್ಲಿಯೇ, ನನಗೆ ಈಗಲೂ ನೆನಪಿದೆ. ಒಮ್ಮೆಯಾದರೂ ಅವರ ಸಮಕ್ಕೆ ಸುಟ್ಟು, ಅದೇ ಜನರೆದುರು ಇಡಬೇಕೆಂಬುದೊಂದೇ ನನ್ನ ಹಟವಾಗಿತ್ತು. ಹನ್ನೆರಡು ದೀಪಾವಳಿ ಹೀಗೆ ಕಳೆದವು.

ಹದಿಮೂರನೆಯ ವರ್ಷ ಅವರ ಮೊಣಕಾಲು ಊದಿತು. ಇಡೀ ಬಿಸ್ಕತ್ತಿನ ಹೊಣೆ ನನಗೆ ಬಂತು. ಡೊಂಬಿವಲಿಯ ಅಡುಗೆಮನೆಯಲ್ಲಿಯೇ ಹಿಟ್ಟು ಕಲಸಿದೆ. ಮರಳು ಕಾಯುವ ಮೊದಲೇ ಸಿಲಿಂಡರ್ ಮುಗಿಯಿತು. ಸಂಜೆಗೆ ಬಂಧುಗಳು ಬರುವವರಿದ್ದರು. ಅತ್ತೆಯವರು ಮಲಗಿದ್ದರು. ಹಬ್ಬದ ಮುಂಚೆ ಈ ಕಡೆಯ ಎಷ್ಟೋ ಮನೆಯವರು ಹಿಟ್ಟು ಕಲಸಿ ಬೇಕರಿಯ ಭಟ್ಟಿಗೆ ಕೊಟ್ಟು ಸುಡಿಸಿಕೊಳ್ಳುವುದನ್ನು ನಾನು ನೋಡಿದ್ದೆ. ಮಾವನವರ ಹೆಸರು ಕೊರೆದ ಅತ್ತೆಯವರ ಸ್ಟೀಲ್ ಡಬ್ಬಿಯನ್ನೂ ಹಿಟ್ಟನ್ನೂ ಹಿಡಿದು, ಕಳ್ಳಿಯಂತೆ ಬೇಕರಿಗೆ ನಡೆದೆ.

ಭಟ್ಟಿಯ ಬಳಿಯಿದ್ದವನು ವಿಜಯಪುರದ ಕಡೆಯವನು. ನನ್ನ ಮುಖ ನೋಡುವ ಮೊದಲು ಡಬ್ಬಿಯನ್ನು ನೋಡಿದ.

“ಇದು ಅಮ್ಮಾರ ಡಬ್ಬಿ ಅಲ್ಲೇನ್ರಿ? ಈ ಸಲ ಅವರು ಬರಲಿಲ್ಲ?”

“ಯಾವ ಅಮ್ಮ?”

“ಶುಂಠಿ ಬಿಸ್ಕೀಟಿನ ಅಮ್ಮಾರು. ನಾ ಇಲ್ಲಿಗೆ ಬಂದಾಗಿಂದ ವರ್ಷಾ ವರ್ಷಾ ಬರ್ತಾರ್ರಿ. ಮರಳಿನ ಒಲ್ಯಾಗ ಎಲ್ಲಿ ಆಗ್ತಾವಪ್ಪಾ ಅಂತಾರ.”

ನನ್ನ ಕೈಯಿಂದ ಹಿಟ್ಟಿನ ಪಾತ್ರೆಯನ್ನು ಅವನೇ ತೆಗೆದುಕೊಳ್ಳಬೇಕಾಯಿತು. ಬಿಸ್ಕತ್ತು ಬೇಯುವವರೆಗೆ ನಾನು ಅಲ್ಲಿನ ಪಾವ್ ಬ್ರೆಡ್ಡಿನ ಟ್ರೇಗಳ ನಡುವೆ ನಿಂತಿದ್ದೆ. ಮರಳಿನಲ್ಲಿ ಯಾರಿಂದಲೂ ಸುಡಲಾಗದ್ದನ್ನು ಸುಡಲು ಹನ್ನೆರಡು ವರ್ಷ ನಾನು ಬೆರಳು ಸುಟ್ಟುಕೊಂಡಿದ್ದೆ. ಹೊರಬಂದ ಬಿಸ್ಕತ್ತು ಮೇಲೆ ಕೆಳಗೆ ಒಂದೇ ಹೊಂಬಣ್ಣವಾಗಿತ್ತು.

ಮನೆಗೆ ಬಂದು ಡಬ್ಬಿಯನ್ನು ಅತ್ತೆಯವರ ಮುಂದಿಟ್ಟೆ. ಅವರು ಒಂದನ್ನು ಮಗುಚಿ ನೋಡಿದರು, ನನ್ನನ್ನು ನೋಡಿದರು.

“ಭಟ್ಟಿಯವನು ನಿಮ್ಮನ್ನು ಕೇಳಿದ,” ಎಂದೆ.

ಅವರ ಮುಖದಲ್ಲಿ ನಾಚಿಕೆಯ ಗೆರೆಯೂ ಮೂಡಲಿಲ್ಲ. “ಹೌದಾ? ಪಾಪ, ಒಳ್ಳೆಯವ. ಅವನ ಹೆಂಡ್ತಿಗೆ ಹೆರಿಗೆ ಆಯ್ತಂತಾ?”

“ಅತ್ತೆ, ಹನ್ನೆರಡು ವರ್ಷ ನೀವು ನನ್ನನ್ನು ಎಲ್ಲರೆದುರು ಆಡಿಕೊಂಡಿರಿ.”

“ಮರಳಲ್ಲಿ ನಿನ್ನಷ್ಟು ಸಹ ನಂಗೆ ಯಾವತ್ತೂ ಆಗ್ಲಿಲ್ಲ ಮಾರಾಯ್ತಿ. ನನ್ನದು ಹಸಿ ಹಿಟ್ಟಾಗಿಯೇ ಉಳಿಯುತ್ತಿತ್ತು.”

“ಈ ಮಾತನ್ನು ಸಂಜೆ ಎಲ್ಲರ ಮುಂದೆ ಹೇಳಿ.”

“ಹೇಳುವ. ಅದಕ್ಕೆಂತ?”

ಸಂಜೆ ಬಂಧುಗಳು ಸುತ್ತ ಕುಳಿತರು. ಅತ್ತೆಯವರು ಡಬ್ಬಿಯ ಮುಚ್ಚಳ ತೆಗೆದು, ಗಂಟಲು ಸರಿಮಾಡಿಕೊಂಡರು. ನಾನು ಅಡುಗೆಮನೆಯ ಬಾಗಿಲಲ್ಲಿ ಸೆರಗು ಸರಿಪಡಿಸಿಕೊಂಡು ನಿಂತೆ.

“ನಿಜ ಹೇಳಿಬಿಡ್ತೇನೆ. ಈ ಸಲದ್ದು ಮನೆಯಲ್ಲಿ ಸುಟ್ಟದ್ದಲ್ಲ. ಇವಳು ಬೇಕರಿಗೆ ಕೊಟ್ಟು ಮಾಡಿಸಿದ್ದು.”

ನನ್ನ ನಾದಿನಿ ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ಇಳಿಸಿದಳು. “ಅತ್ತಿಗೆ, ಅಮ್ಮ ಆ ಮಂಡಿನೋವಲ್ಲೂ ಒಲೆ ಮುಂದೆ ನಿಲ್ತಿದ್ರು. ನಿಮಗೆ ಒಂದು ದಿನ ಆಗ್ಲಿಲ್ವಾ?”

ನಾನು ನಡೆದದ್ದನ್ನೆಲ್ಲ ಹೇಳಿದೆ: ಭಟ್ಟಿಯವನ ಮಾತು, ಡಬ್ಬಿಯ ಗುರುತು, ಎಲ್ಲವನ್ನೂ. ಒಬ್ಬರೂ ನಂಬಲಿಲ್ಲ. ನನ್ನ ಯಜಮಾನರು, “ಸಾಕು, ಹಬ್ಬದ ದಿನ ಅಮ್ಮನ ಮೇಲೆ ಯಾಕೆ ಹಾಕ್ತಿ?” ಎಂದು ಮೆಲ್ಲಗೆ ಗದರಿದರು.

“ಬಿಡಿ, ಅವಳಿಗೇನೂ ಹೇಳ್ಬೇಡಿ,” ಎನ್ನುತ್ತ ಅತ್ತೆಯವರು ಎಲ್ಲರ ತಟ್ಟೆಗೂ ಇನ್ನೊಂದೊಂದು ಬಿಸ್ಕತ್ತು ಬಡಿಸಿದರು.