ಒಲೆ ಗೂಡಿನಲ್ಲಿಟ್ಟ ಔಷಧಿ

೧೯೮೭ರ ಬೇಸಿಗೆ. ಶಿರಾ ತಾಲ್ಲೂಕಿನ ಮದಲೂರಿನ ಹತ್ತಿರ ನಮ್ಮೂರು. ಅಮ್ಮ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅಜ್ಜಿ, ನಾನು ಮತ್ತು ಹತ್ತೊಂಬತ್ತರ ತಂಗಿ ರತ್ನ.

ರತ್ನಳಿಗೆ ಹನ್ನೆರಡನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು, ಇಲ್ಲದಿದ್ದರೆ ಜೀವಕ್ಕೇ ಕುತ್ತು. ಈ ವಿಷಯ ಅಪ್ಪನಿಗೆ, ನನಗೆ, ಅವಳಿಗೆ ಬಿಟ್ಟು ನರಪಿಳ್ಳೆಗೂ ಗೊತ್ತಿರಲಿಲ್ಲ. ಗೊತ್ತಾದರೆ ಯಾರು ಮದುವೆಯಾಗುತ್ತಾರೆ ಎಂದು ಅಪ್ಪ ನಮ್ಮಿಬ್ಬರಿಂದ ದೇವರ ಮುಂದೆ ಆಣೆ ಹಾಕಿಸಿದ್ದರು. ತನ್ನ ಹೆತ್ತ ತಾಯಿಗೂ, ಅಂದರೆ ನಮ್ಮಜ್ಜಿಗೂ ಹೇಳಿರಲಿಲ್ಲ ಆ ಮನುಷ್ಯ. ರಾಗಿ ಮೂಟೆಗಳ ಹಿಂದೆ ಒದ್ದೆ ಮರಳು ತುಂಬಿದ ಕುಡಿಕೆಯಲ್ಲಿ ಸೀಸೆ ಹೂತಿಟ್ಟು, ಕಳ್ಳರಂತೆ ಬಾಗಿಲು ಮುಂದೆ ಮಾಡಿಕೊಂಡು ನಾನು ಚುಚ್ಚುತ್ತಿದ್ದೆ.

ಆಗ ಸಿಗುತ್ತಿದ್ದ ಇನ್ಸುಲಿನ್ ದನ, ಹಂದಿಗಳ ಒಡಲಿನಿಂದ ತೆಗೆದದ್ದು. ಅದು ರತ್ನಳಿಗೆ ಒಗ್ಗದೆ ಚುಚ್ಚಿದಲ್ಲೆಲ್ಲ ಗಂಟಾಗಿ ಊದಿಕೊಳ್ಳುತ್ತಿತ್ತು. ಬೆಂಗಳೂರಿನ ಡಾಕ್ಟರೊಬ್ಬರು ಹೊರದೇಶದಿಂದ ತರಿಸಿದ್ದ ಹೊಸ ಇನ್ಸುಲಿನ್ ಎರಡು ಸೀಸೆ ಕೊಟ್ಟರು. ಮನುಷ್ಯರ ಮೈಯಲ್ಲಿ ತಯಾರಾಗುವಂಥದ್ದನ್ನೇ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೊಳಗೆ ಬೆಳೆಸಿ ತೆಗೆದಿದ್ದಾರಂತೆ. "ರಕ್ತದಲ್ಲಿರೋ ಸಕ್ಕರೆ ಜೀವಕೋಶದೊಳಗೆ ಹೋಗಬೇಕಲ್ಲಮ್ಮ, ಅದಕ್ಕೆ ಬಾಗಿಲು ತೆಗೆಸೋದೇ ಇದು. ಬಿಸಿ ತಾಗಿದರೆ ಬರೀ ನೀರು," ಎಂದು ಎರಡೆರಡು ಸಲ ಹೇಳಿದರು.

ಮೇಷ್ಟ್ರ ಮನೆಯಿಂದ ಕೇಳಿ ತಂದಿದ್ದ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಐಸು ತುಂಬಿ, ಸೀಸೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಟ್ಟು ನಾನೂ ರತ್ನಳೂ ಮರುದಿನ ಮಧ್ಯಾಹ್ನದ ಹೊತ್ತಿಗೆ ಊರು ಸೇರಿದೆವು. ಐಸು ಇನ್ನೂ ಇತ್ತು. ಸಂಜೆ ಮರಳಿಗಿಟ್ಟರಾಯಿತು ಎಂದು ನಾನು ಬಟ್ಟೆ ಒಗೆಯಲು ಕೆರೆಗೆ ಹೋದೆ. ರತ್ನ ಮಲಗಿದಳು.

ಬಂದು ನೋಡಿದರೆ ಫ್ಲಾಸ್ಕೇ ಇಲ್ಲ. ಎರವಲು ತಂದದ್ದನ್ನು ಅಂದೇ ತಿರುಗಿಸಬೇಕು, ಬರಿದಾಗಿ ಮಾತ್ರ ಕೊಡಬಾರದು ಎನ್ನುವುದು ನಮ್ಮಜ್ಜಿಯ ನೇಮ. ಫ್ಲಾಸ್ಕಿನ ಐಸುನೀರು ಚೆಲ್ಲಿ, ತೊಳೆದು, ತುಂಬ ಮಜ್ಜಿಗೆ ಹುಯ್ದು ಮೇಷ್ಟ್ರ ಮನೆಗೆ ಕೊಟ್ಟು ಬಂದಿದ್ದಳು.

"ಅದರಾಗಿದ್ದ ಸೀಸೆ ಎಲ್ಲಜ್ಜಿ?"

"ಒದ್ದೆಮುದ್ದೆಯಾಗಿದ್ವು ಕಣವ್ವ. ಒಣಗ್ಲಿ ಅಂತ ಒಲೆ ಗೂಡ್ನಾಗೆ ಮಡಗಿವ್ನಿ."

ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. ಸೀಸೆ ಮುಟ್ಟಿದರೆ ಕೈ ಚುರುಕ್ ಎಂದಿತು. ಅಜ್ಜಿಯ ಮೇಲೆ ಹರಿಹಾಯ್ದೆ. ಪಾಪ, ಏನು ತಪ್ಪಾಯಿತೆಂದೇ ತಿಳಿಯದೆ ಸೆರಗು ಹಿಡಿದು ನಿಂತಿತು ಮುದುಕಿ.

ಹಳೆಯ ಇನ್ಸುಲಿನ್ ಮುಗಿದಿತ್ತು. ರಾತ್ರಿ ಬಸ್ಸಿಗೇ ಬೆಂಗಳೂರಿಗೆ ಹೋಗುತ್ತೇನೆ ಎಂದೆ. ಅಪ್ಪ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ನೀರಿನ ಹಾಗೆ ತಿಳಿಯಾಗಿಯೇ ಇತ್ತು.

"ಬಣ್ಣ ಕೆಟ್ಟಿಲ್ಲ, ಏನೂ ಆಗಿಲ್ಲ. ಭಾನ್ವಾರ ಹೆಣ್ಣು ನೋಡಕ್ಕೆ ಬತ್ತಾವ್ರೆ. ಊರಿಗೆಲ್ಲ ಡಂಗುರ ಹೊಡೀಬ್ಯಾಡ, ಬಾಯ್ಮುಚ್ಕಂಡಿರು."

ಮುಚ್ಚಿಕೊಂಡೆ. ನನಗೆ ಇಪ್ಪತ್ತಮೂರು ವರ್ಷ, ಕೈಕಾಲು ಗಟ್ಟಿಯಿದ್ದವು, ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಆ ನೀರನ್ನೇ ಮೂರು ದಿನ ತಂಗಿಗೆ ಚುಚ್ಚಿದೆ. ಅವಳು ಬಿಂದಿಗೆಗಟ್ಟಲೆ ನೀರು ಕುಡಿದಳು. ಶನಿವಾರ ವಾಂತಿ ಶುರುವಾಯಿತು. "ಅಕ್ಕಾ, ಇದು ಕೆಲ್ಸ ಮಾಡ್ತಿಲ್ಲ ಕಣೇ," ಎಂದಳು. ಅಪ್ಪ ಪಿತ್ತ ಎಂದರು.

ಭಾನುವಾರ ಪಾವಗಡದ ಕಡೆಯಿಂದ ಗಂಡಿನವರು ವ್ಯಾನಿನಲ್ಲಿ ಬಂದರು. ಸೀರೆ ಉಡಿಸಿ ಕರೆತಂದ ರತ್ನ ಕಾಫಿ ತಟ್ಟೆಯ ಸಮೇತ ನಡುಮನೆಯಲ್ಲಿ ಬಿದ್ದಳು. ಉಸಿರು ಮೇಲಕ್ಕೆ ಎಳೆಯುತ್ತಿತ್ತು. ಅಪ್ಪ ಆಗಲೂ, "ಉಪವಾಸ ಇದ್ಲು, ಅದಕ್ಕೆ," ಎಂದು ನಗಲು ನೋಡಿದರು. ನನಗೆ ತಡೆಯಲಾಗಲಿಲ್ಲ. ಸಕ್ಕರೆ ಕಾಯಿಲೆ, ಏಳು ವರ್ಷದಿಂದ ಇದೆ, ಔಷಧಿ ಕೆಟ್ಟಿದೆ, ಇವಳು ಸಾಯುತ್ತಾಳೆ ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ಅಪ್ಪ ನನ್ನ ಕೆನ್ನೆಗೆ ಬಾರಿಸಿದರು.

ಗಂಡಿನ ತಾಯಿ ಎದ್ದು ನಿಂತರು. "ಮುಂದು ಪಿಲ್ಲನಿ ವ್ಯಾನಿಗೆ ಎತ್ತಂಡಿ. ಮಾತೆಲ್ಲ ಆಮ್ಯಾಕೆ," ಎಂದು ತೆಲುಗು ಬೆರೆಸಿ, ಮೊದಲು ಹುಡುಗಿಯನ್ನು ಎತ್ತಲು ಹೇಳಿದವರೇ ತಾವೇ ರತ್ನಳ ತಲೆ ಹಿಡಿದರು. ತುಮಕೂರಿನ ಆಸ್ಪತ್ರೆಯವರೆಗೂ ಅವಳ ತಲೆ ಅವರ ತೊಡೆಯ ಮೇಲೇ ಇತ್ತು. ಸಂಬಂಧ ಕೂಡಲಿಲ್ಲ. ಆದರೆ ಆ ತಾಯಿಯನ್ನು ನೆನೆಯದ ದಿನವಿಲ್ಲ.

ಎರಡು ದಿನದ ಮೇಲೆ ರತ್ನ ಕಣ್ಣು ಬಿಟ್ಟಳು. ಆಸ್ಪತ್ರೆಯ ಜಗುಲಿಯಲ್ಲಿ ಕುಳಿತು ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅಜ್ಜಿ ಕೇಳಿದಳು:

"ಏಳು ವರ್ಸ ಒಂದೇ ಮನ್ಯಾಗೆ ಉಂಡು ಮಲಗ್ದೋ. ನಂಗೊಂದು ಮಾತು ಹೇಳಿದ್ರೆ ನೀರಿನ ಗಡಿಗೆ ಬುಡದಾಗೆ ತಣ್ಣಗೆ ಮಡಗ್ತಿರ್ನಿಲ್ವೇನೇ?"

ಊರಿಗೆ ಬಂದ ಮೇಲೆ ಆ ಕುಡಿಕೆ ಮೂಟೆಗಳ ಹಿಂದಿನಿಂದ ನಡುಮನೆಗೆ ಬಂತು. ಬದುಕಿರುವ ತನಕ ಅಜ್ಜಿ ಬೆಳಿಗ್ಗೆ ಎದ್ದವಳೇ ಮೊದಲು ಅದರ ಮರಳಿಗೆ ನೀರು ಚಿಮುಕಿಸುತ್ತಿದ್ದಳು.

ರತ್ನ ಇಂದಿಗೂ ಚೆನ್ನಾಗಿದ್ದಾಳೆ. ಅಪ್ಪ ಹೋಗಿ ಬಹಳ ವರ್ಷವಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಅದರಲ್ಲಿ ಅರ್ಧ, ಬಾಯಿ ಮುಚ್ಚಿಕೊಂಡು ಮೂರು ದಿನ ಸೂಜಿ ಹಿಡಿದ ನನ್ನ ಮೇಲೆಯೇ ಇದೆ.